19 ಇಂಚು ಎಲ್ಲಿಗೆ ಹೋಗ್ಬೇಕು? ಅಂಬ್ರೆಲಾ ಲಂಗಕ್ಕೆ ರೇಷ್ಮೆ ಸೀರೆ ಬಾರ್ಡರ್ ಕೂರಿಸಿದ ಒಂದು ಪ್ರಕರಣ

ಅಂಬ್ರೆಲಾ ಲಂಗಕ್ಕೆ ಸೀರೆ ಬಾರ್ಡರ್ ಹಚ್ಚೋದು ನೋಡೋಕೆ ಬಹಳ ಸುಲಭದ ಕೆಲಸ. ಬಟ್ಟೆ ರೌಂಡಾಗಿ ಕಟ್ ಆಗಿರುತ್ತೆ, ಬಾರ್ಡರ್ ಅನ್ನೋದು ಒಂದು ಉದ್ದ ಪಟ್ಟಿ, ಸುತ್ತ ಇಟ್ಕೊಂಡು ಹೊಲ್ಕೊಂಡು ಹೋದ್ರೆ ಮುಗೀತು ಅನ್ಸುತ್ತೆ. ಆದ್ರೆ ಹೊಲಿಗೆ ಕ್ಲಾಸ್ ಮುಗ್ಸಿ ಮನೇಲೇ ಮೆಷಿನ್ ಹಾಕ್ಕೊಂಡಿರೋ ಹೆಣ್ಮಕ್ಳು ನನ್ ಹತ್ರ "ಮೇಡಂ ಇದೊಂದು ನೋಡಿ" ಅಂತ ವಾಪಸ್ ತರೋ ಕೆಲಸಗಳಲ್ಲಿ ಇದು ಮತ್ತೆ ಮತ್ತೆ ಬರುತ್ತೆ. ಅಂಥದ್ದೊಂದನ್ನ ಇಲ್ಲಿ ಪೂರ್ತಿ ಬರೀತಿದೀನಿ. ಊರು, ಹೆಸರು, ಗುರುತು ಹತ್ತೋ ವಿಷಯ ಎಲ್ಲ ಬಿಟ್ಟಿದೀನಿ, ಅಳತೆಗಳನ್ನ ಮಾತ್ರ ಹಾಗೇ ಇಟ್ಟಿದೀನಿ, ಯಾಕಂದ್ರೆ ಇಡೀ ಕಥೆ ಇರೋದೇ ಅಳತೆಯಲ್ಲಿ.

ಹೊಲಿದವರು ಒಂದು ತಾಲೂಕು ಕೇಂದ್ರದಲ್ಲಿ ಮನೇಲೇ ಟೈಲರಿಂಗ್ ಮಾಡೋರು. ಬ್ಲೌಸ್ ಹೊಲಿಯೋದ್ರಲ್ಲಿ ಅವರ ಕೈ ತುಂಬಾ ಚೆನ್ನಾಗಿದೆ, ಕುತ್ತಿಗೆ ಪೈಪಿಂಗ್ ನೋಡಿದ್ರೆ ಗೊತ್ತಾಗುತ್ತೆ. ಕಾಟನ್ ಮತ್ತೆ ಜಾರ್ಜೆಟ್ಟಲ್ಲಿ ಅಂಬ್ರೆಲಾ ಫ್ರಾಕ್ ಮಾಡಿ ಅಭ್ಯಾಸ ಇತ್ತು, ರೇಷ್ಮೆ ಸೀರೆ ಒಡೆದು ಲಂಗ ಮಾಡೋದು ಮಾತ್ರ ಮೊದಲನೇ ಸಲ. ಗಿರಾಕಿ ಅವರದೇ ಬೀದಿಯವರು. ಮನೇಲಿ ಮದುವೆ, ನಾಲ್ಕನೇ ಕ್ಲಾಸ್ ಓದೋ ಮಗಳಿಗೆ ಅಜ್ಜಿಯ ಮೈಸೂರು ಸಿಲ್ಕ್ ಸೀರೆಯಲ್ಲಿ ಲಂಗ ಆಗ್ಬೇಕು, ಅಜ್ಜಿ ತಾವೇ ಪೆಟ್ಟಿಗೆಯಿಂದ ತೆಗೆದುಕೊಟ್ಟಿದ್ದು. ಗಿಣಿಹಸಿರು ಒಡಲು, ಎರಡೂ ಕಡೆ 3 ಇಂಚಿನ ಪ್ಲೇನ್ ಜರಿ ಬಾರ್ಡರ್. ಸೆರಗಿನ ಮಡಿಕೆಗಳಲ್ಲಿ ಸೀರೆ ಸೀಳಿತ್ತು, ಒಡಲು ಗಟ್ಟಿಯಾಗೇ ಇತ್ತು. ಹೀಗೆ ಸೀಳಿರೋ ಸೀರೇನ ಲಂಗ ಮಾಡ್ಸೋದು ಒಳ್ಳೆ ನಿರ್ಧಾರವೇ, ಪೆಟ್ಟಿಗೇಲಿ ಇನ್ನೂ ನಾಲ್ಕು ವರ್ಷ ಇಟ್ಟಿದ್ರೆ ಎಲ್ಲ ಮಡಿಕೇನೂ ಹೋಗ್ತಿತ್ತು.

ಅಳತೆ ಹೀಗಿತ್ತು. ಸೊಂಟ 25 ಇಂಚು, ಅದನ್ನ 6.28ರಿಂದ (ಪೈ ಅಂದ್ರೆ 3.14, ಅದರ ಎರಡರಷ್ಟು) ಭಾಗಿಸಿದ್ರೆ ಸೊಂಟದ ರೇಡಿಯಸ್ ಹತ್ತತ್ರ 4 ಇಂಚು. ಲಂಗದ ಉದ್ದ 28. ಅಂದ್ರೆ ಸೊಂಟದ ಮಧ್ಯಬಿಂದುವಿಂದ ಕೆಳಗಿನ ಅಂಚಿಗೆ 32 ಇಂಚು, ಸುತ್ತಳತೆ 201 ಇಂಚು. ಐದೂವರೆ ಮೀಟರ್ ಸೀರೆ ಅಂದ್ರೆ 216 ಇಂಚು, ಹಾಗಾಗಿ ಒಂದು ಕಡೆಯ ಬಾರ್ಡರ್ ಒಂದೇ ತುಂಡಲ್ಲಿ ಪೂರ್ತಿ ಸುತ್ತು ಬರುತ್ತೆ. ಇಲ್ಲೀತನಕ ಅವರ ಲೆಕ್ಕ ಎಲ್ಲ ಸರಿ. ಎರಡೂ ಬಾರ್ಡರನ್ನ ಮೇಲೆ ಅರ್ಧ ಇಂಚು ಒಡಲು ಬಟ್ಟೆ ಉಳಿಯೋ ಹಾಗೆ ಕತ್ತರಿಸಿದಾರೆ, ಒಡಲಿಂದ ಎರಡು ಅರ್ಧವೃತ್ತ ಕಟ್ ಮಾಡಿ ಜೋಡಿಸಿದಾರೆ, ಬಾರ್ಡರನ್ನ ಲಂಗದ ಮೇಲೇ ಚಪ್ಪಟೆಯಾಗಿ ಇಟ್ಟು, ಕೆಳಗಿನ ಅಂಚಿಗೆ ಅಂಚು ಸೇರಿಸಿ ಮೊದಲು ಕೆಳಗೆ ಒಂದು ಹೊಲಿಗೆ ಹಾಕಿದಾರೆ. ಆಮೇಲೆ ಬಾರ್ಡರಿನ ಮೇಲಂಚು ಮಡಚಿ ಹೊಲಿಯೋಕೆ ಹೊರಟಾಗ ಶುರುವಾಯ್ತು ನೋಡಿ.

ನನ್ ಹತ್ರ ಬಂದಾಗ ಲಂಗ ಹೇಗಿತ್ತು ಅಂದ್ರೆ, ಕೆಳ ಅಂಚು ನೀಟಾಗಿದೆ, ಮೇಲಂಚಿನ ಉದ್ದಕ್ಕೂ ಗುಳ್ಳೆ ಗುಳ್ಳೆ. ಎರಡೆರಡು ಇಂಚಿಗೊಂದು ಕಡೆ ಜರಿ ಉಬ್ಬಿ, ಕೆಲವು ಕಡೆ ಮಡಿಕೆ ಬಿದ್ದು ಹೊಲಿಗೆಯೊಳಗೇ ಸಿಕ್ಕೊಂಡಿದೆ. ಅದರ ಮೇಲಿನ ಹಸಿರು ಬಟ್ಟೆ ಬೇರೆ ಸಣ್ಣಗೆ ಜುಮುರು ಜುಮುರಾಗಿ ಎಳೆದುಕೊಂಡಿದೆ. ಹ್ಯಾಂಗರಿಗೆ ಹಾಕಿ ದೂರ ನಿಂತು ನೋಡಿದ್ರೆ ಕೆಳಗಿನ ರೇಖೆ ಕೂಡ ಸಮ ಇಲ್ಲ, ನಾಲ್ಕು ಕಡೆ ಜೋಲು ಬಿದ್ದಿದೆ. ಪಾಪ ಅವರಿಗೆ ಅಳುವೇ ಬಂದಿತ್ತು, "ಮೇಡಂ, ಅಜ್ಜಿ ಮದುವೆ ಸೀರೆ ಇದು, ಹಾಳು ಮಾಡ್ಬಿಟ್ನಾ" ಅಂತ.

ನನ್ ಹತ್ರ ಬರೋಕೆ ಮುಂಚೆ ಅವರು ಮಾಡಿದ ಪ್ರಯತ್ನಗಳನ್ನ ಹೇಳ್ಬೇಕು, ಯಾಕಂದ್ರೆ ಎಲ್ಲರೂ ಮಾಡೋದು ಇವನ್ನೇ. ಮೊದಲು ಒಂದು ಭಾಗ ಬಿಚ್ಚಿ, ಲಂಗದ ಬಟ್ಟೆಯನ್ನ ಕೈಯಲ್ಲಿ ಎಳೆದು ಹಿಡಿದು ಬಾರ್ಡರ್ ಜೊತೆ ಸಮ ಮಾಡಿ ಹೊಲಿದಿದಾರೆ. ಹೊಲಿಯೋವಾಗ ಗುಳ್ಳೆ ಕಾಣಿಸ್ಲಿಲ್ಲ, ಮೆಷಿನಿಂದ ತೆಗೆದು ಕೈ ಬಿಟ್ಟ ತಕ್ಷಣ ಬಟ್ಟೆ ತನ್ನ ಜಾಗಕ್ಕೆ ವಾಪಸ್ ಹೋಗಿ ಮೊದಲಿಗಿಂತ ಜಾಸ್ತಿ ಸುಕ್ಕಾಯ್ತು. ಆಮೇಲೆ ನೀರು ಚಿಮುಕಿಸಿ ಇಸ್ತ್ರಿ. ಕಾಟನ್ನಿಗೆ ಅಷ್ಟೋ ಇಷ್ಟೋ ಉಪಯೋಗಕ್ಕೆ ಬರೋ ಉಪಾಯ ಅದು, ಮೈಸೂರು ಸಿಲ್ಕಿಗೆ ಉಲ್ಟಾ ಹೊಡೆಯುತ್ತೆ. ಮೈಸೂರು ಸಿಲ್ಕ್ ಕ್ರೇಪ್ ಬಟ್ಟೆ, ಹೊಕ್ಕಿನ ಎಳೆಗೆ ಜಾಸ್ತಿ ತಿರುವು ಕೊಟ್ಟು ನೇಯ್ದಿರ್ತಾರೆ, ಆ ಮೆತ್ತನೆ ಜೋಲು, ಆ ಕಣಕಣವಾದ ಮೈ ಬರೋದು ಅದರಿಂದಲೇ. ಆ ತಿರುವಿನ ಎಳೆಗೆ ನೀರು ಬಿದ್ರೆ ಸುರುಳಿ ಬಿಗಿಯಾಗಿ ಬಟ್ಟೆ ಕುಗ್ಗುತ್ತೆ. ಜರಿ ಅಂದ್ರೆ ಎಳೆಗೆ ಲೋಹ ಸುತ್ತಿರೋದು, ಅದು ಕುಗ್ಗಲ್ಲ. ಹಾಗಾಗಿ ಒಡಲು ಇನ್ನಷ್ಟು ಚಿಕ್ಕದಾಗಿ ಬಾರ್ಡರ್ ಇನ್ನಷ್ಟು ಉಬ್ಬಿತು.

ಈಗ ನಿಜವಾದ ಕಾರಣಕ್ಕೆ ಬರೋಣ. ಕೆಳ ಅಂಚಿನ ಸುತ್ತಳತೆ 201. ಅಲ್ಲಿಂದ 3 ಇಂಚು ಮೇಲೆ, ಅಂದ್ರೆ ಬಾರ್ಡರಿನ ಮೇಲಂಚು ಕೂರೋ ಕಡೆ, ರೇಡಿಯಸ್ 29, ಸುತ್ತಳತೆ 182. ಆದ್ರೆ ಬಾರ್ಡರ್ ನೇರ ಪಟ್ಟಿ, ಅದರ ಮೇಲಂಚೂ 201, ಕೆಳ ಅಂಚೂ 201. ಅಂದ್ರೆ ಮೇಲೆ 19 ಇಂಚು ಜಾಸ್ತಿ ಇದೆ. ಅಷ್ಟು ಗುಳ್ಳೆಗಳೂ ಸೇರಿ ಆ 19 ಇಂಚೇ, ಅಲ್ಲಿ ಕಣ್ಣಿಗೆ ಕಾಣ್ತಾ ಕೂತಿತ್ತು. ಅವರ ಕೈಯಲ್ಲಿ ಏನೂ ದೋಷ ಇರಲಿಲ್ಲ, ಎಂಥಾ ನುರಿತ ಟೈಲರ್ ಕೂತು ಹೊಲಿದಿದ್ರೂ 19 ಇಂಚು 19 ಇಂಚೇ.

ನಾನು ಕ್ಲಾಸಲ್ಲಿ ಇದನ್ನ ಹೇಳುವಾಗ ಓಟದ ಟ್ರ್ಯಾಕಿನ ಉದಾಹರಣೆ ಕೊಡ್ತೀನಿ. 400 ಮೀಟರ್ ಓಟದಲ್ಲಿ ಮೂರನೇ ಲೇನಿನವರನ್ನ ಎರಡನೇ ಲೇನಿನವರಿಗಿಂತ ಏಳೂವರೆ ಮೀಟರ್ ಮೇಲೇ ಮುಂದೆ ನಿಲ್ಲಿಸ್ತಾರಲ್ಲ, ಲೇನಿನ ಅಗಲ 1.22 ಮೀಟರ್, ಅದನ್ನ 6.28ರಿಂದ ಗುಣಿಸಿದ್ರೆ ಬರೋದು ಅಷ್ಟೇ. ಇಲ್ಲೂ ಅದೇ ಲೆಕ್ಕ, ಬಾರ್ಡರಿನ ಅಗಲ ಗುಣಿಸು 6.28. ಇದರಲ್ಲಿ ಗಮನಿಸ್ಬೇಕಾದ್ದು ಏನು ಅಂದ್ರೆ ಲಂಗ ಚಿಕ್ಕದೋ ದೊಡ್ಡದೋ ಅನ್ನೋದು ಲೆಕ್ಕಕ್ಕೇ ಬರಲ್ಲ. ಎರಡು ವರ್ಷದ ಮಗುವಿನ ಲಂಗಕ್ಕೂ ಮದುಮಗಳ ಲೆಹೆಂಗಾಕ್ಕೂ, ಫುಲ್ ಸರ್ಕಲ್ ಆಗಿದ್ರೆ, 3 ಇಂಚು ಬಾರ್ಡರಿಗೆ 19 ಇಂಚು ಜಾಸ್ತಿ ಇದ್ದೇ ಇರುತ್ತೆ. ದೊಡ್ಡ ಲೆಹೆಂಗಾದಲ್ಲಿ ಅದು ಉದ್ದದ ಸುತ್ತಳತೆಯಲ್ಲಿ ಹಂಚಿ ಹೋಗೋದ್ರಿಂದ ಕಮ್ಮಿ ಕಾಣುತ್ತೆ, ಮಗುವಿನ ಲಂಗದಲ್ಲಿ ಎದ್ದು ಕಾಣುತ್ತೆ.

ಇದರ ಜೊತೆಗೆ ಇನ್ನೆರಡು ಸಮಸ್ಯೆ ಸೇರ್ಕೊಂಡಿತ್ತು. ರೌಂಡ್ ಕಟ್ ಮಾಡಿದ ಬಟ್ಟೆಯಲ್ಲಿ ನಾಲ್ಕು ಕಡೆ ಎಳೆ ಕ್ರಾಸ್ ಆಗಿ, ಅಂದ್ರೆ ಓರೆಯಾಗಿ ಬರುತ್ತೆ, ಆ ನಾಲ್ಕು ಕಡೆ ಬಟ್ಟೆ ತನ್ನ ಭಾರಕ್ಕೆ ತಾನೇ ಕೆಳಗೆ ಇಳಿಯುತ್ತೆ, ಕ್ರೇಪಲ್ಲಂತೂ ಇನ್ನೂ ಜಾಸ್ತಿ. ಕಟ್ ಮಾಡಿದ ದಿನವೇ ಬಾರ್ಡರ್ ಹಚ್ಚಿದ್ರಿಂದ ಆಮೇಲೆ ಬಟ್ಟೆ ಇಳಿದಾಗ ಬಾರ್ಡರನ್ನೂ ಎಳ್ಕೊಂಡು ಇಳಿದಿತ್ತು, ನಾಲ್ಕು ಜೋಲು ಅಂದೆನಲ್ಲ ಅದು ಇದು. ಇನ್ನೊಂದು, ಲೈನಿಂಗನ್ನೂ ಬಾರ್ಡರ್ ಹೊಲಿಗೆಯಲ್ಲೇ ಸೇರಿಸಿಬಿಟ್ಟಿದ್ರು. ರೇಷ್ಮೆ ಇಳಿಯುತ್ತೆ, ಕಾಟನ್ ಲೈನಿಂಗ್ ಅಷ್ಟು ಇಳಿಯಲ್ಲ, ಹಾಗಾಗಿ ಒಳಗಿಂದ ಹಿಡಿದು ಎಳೀತಿತ್ತು.

ಮೊದಲ ನಿರ್ಧಾರ, ಇದನ್ನೇ ರಿಪೇರಿ ಮಾಡೋದಾ ಪೂರ್ತಿ ಬಿಚ್ಚೋದಾ. ಅವರಿಗೆ ರಿಪೇರಿ ಆಸೆ ಇತ್ತು, ಗುಳ್ಳೆ ಇರೋ ಕಡೆ ಮಾತ್ರ ಬಿಚ್ಚಿ ಚಿಕ್ಕ ಚಿಕ್ಕ ಮಡಿಕೆ ಕೊಟ್ರೆ ಆಗಲ್ವಾ ಅಂತ. ನಾನು ಬಿಚ್ಚಿದ ಒಂದು ಗೇಣು ಜಾಗವನ್ನ ಕಿಟಕಿ ಬೆಳಕಿಗೆ ಹಿಡಿದು ತೋರಿಸ್ದೆ, ಸೂಜಿ ತೂತು ಸಾಲಾಗಿ ಹಾಗೇ ನಿಂತಿದ್ವು. ಉಗುರಲ್ಲಿ ಸವರಿದ್ರೂ ರೇಷ್ಮೆಯ ತೂತು ಒಂದಷ್ಟು ಮುಚ್ಚುತ್ತೆ ಅಷ್ಟೇ, ಜರಿಯ ತೂತು ಮುಚ್ಚಲ್ಲ, ಸುತ್ತಿದ ಲೋಹ ಅಲ್ಲಿ ಬಿಟ್ಟುಕೊಂಡು ಬಿಟ್ಟಿರುತ್ತೆ. ಅಂದ್ರೆ ಇದೇ ಬಾರ್ಡರಲ್ಲಿ ಇನ್ನೊಂದು ಸಲ ಬೇರೆ ಜಾಗದಲ್ಲಿ ಹೊಲಿದ್ರೆ ಹಳೇ ತೂತಿನ ಗೆರೆ ಕಾಣುತ್ತೆ. ಆದ್ರೆ ಸೀರೆಗೆ ಎರಡು ಬಾರ್ಡರ್ ಇದೆ, ಇನ್ನೊಂದು ಬ್ಲೌಸ್ ತೋಳಿಗೆ ಅಂತ ಇಟ್ಟಿದ್ರು. ಆ ಎರಡನೇ ಬಾರ್ಡರ್ ಲಂಗಕ್ಕೆ, ಮೊದಲನೇದರಲ್ಲಿ ಚೆನ್ನಾಗಿರೋ ಭಾಗ ತೋಳಿಗೆ ಅಂತ ಅದಲು ಬದಲು ಮಾಡಿದ್ವಿ. ಹಾಗೆ ಮಾಡಿದ್ಮೇಲೆ ಇನ್ನು ಕೈಯಲ್ಲಿರೋದು ಒಂದೇ ಅವಕಾಶ. ಅದಕ್ಕೇ ಮುಂದಿನ ಪ್ರತಿ ಹೆಜ್ಜೆನೂ ನಿಧಾನ.

ಪೂರ್ತಿ ಬಿಚ್ಚಿದ್ಮೇಲೆ ಲಂಗವನ್ನ ಸೊಂಟದ ಕಡೆಯಿಂದ ಕ್ಲಿಪ್ ಹಾಕಿ ಎರಡು ರಾತ್ರಿ ನೇತು ಹಾಕಿದ್ವಿ. ಮದುವೆ ಹತ್ರ ಬಂದಿತ್ತು, ಟೈಲರಿಗೆ ಆ ಕಾಯೋದೇ ದೊಡ್ಡ ಹಿಂಸೆ, ಆದ್ರೂ ಬಿಡ್ಲಿಲ್ಲ. ಇಳಿದಿದ್ದು ಕಣ್ಣಿಗೇ ಕಾಣ್ತಿತ್ತು, ಕ್ರಾಸ್ ಇರೋ ಕಡೆ ಒಂದೂಕಾಲು ಇಂಚಿನ ತನಕ. ಆಮೇಲೆ ಹುಡುಗಿಗೇ ಲಂಗ ಹಾಕಿಸಿ ಸ್ಟೂಲ್ ಮೇಲೆ ನಿಲ್ಸಿ, ಸ್ಕೇಲನ್ನ ಸ್ಟೂಲಿನ ಮೇಲೆ ನೇರ ನಿಲ್ಸಿ ಸುತ್ತ ಒಂದೇ ಎತ್ತರಕ್ಕೆ ಚಾಕ್ ಗುರುತು. ಗುರುತನ್ನ ಹಳೇ ಮೇಲಿನ ಹೊಲಿಗೆ ಗೆರೆಗಿಂತ ಕಾಲು ಇಂಚು ಮೇಲೆ ಇಟ್ವಿ. ಹೀಗೆ ಮಾಡಿದ್ರಿಂದ ತೂತಿರೋ ಗೆರೆ ಪೂರ್ತಿ ಮಾರ್ಜಿನ್ನೊಳಗೆ (ಹೊಲಿಗೆಯಾಚೆ ಒಳಗೆ ಉಳಿಯೋ ಬಟ್ಟೆ) ಹೋಯ್ತು, ಕ್ರಾಸ್ ಕಡೆ ಆ ಗೆರೆ ಕೆಳಗೆ ಇಳಿದಿದ್ರಿಂದ ಕತ್ತರಿಗೇ ಹೋಯ್ತು.

ಇಲ್ಲಿಗೆ ಇನ್ನೊಂದು ನಿರ್ಧಾರನೂ ಆಗಿತ್ತು ಅನ್ನಿ, ಬಾರ್ಡರನ್ನ ಲಂಗದ ಮೇಲೆ ಹಚ್ಚೋದು ಬೇಡ, ಲಂಗವನ್ನ ಮೇಲೇ ನಿಲ್ಲಿಸಿ ಬಾರ್ಡರನ್ನ ಕೆಳಗೆ ಜೋಡಿಸೋದು. ಕೆಳಗೆ ಬರೋದು ಸೀರೆಯದೇ ಅಂಚು, ಮಡಚೋ ಕೆಲಸನೂ ಇಲ್ಲ. ಆದ್ರೆ ಜೋಡಿಸೋದು ಹೇಗೆ ಅನ್ನೋದ್ರಲ್ಲಿ ನನಗೂ ಅವರಿಗೂ ಸ್ವಲ್ಪ ವಾದ ಆಯ್ತು. ಜೋಡಣೆ ಗೆರೆಯ ಸುತ್ತಳತೆ ಲೆಕ್ಕದಲ್ಲಿ 180½. ಬಾರ್ಡರನ್ನೂ 180½ ಇಟ್ಟು ನೇರ ಹೊಲಿದುಬಿಡೋಣ, ಸುಕ್ಕೇ ಇರಲ್ಲ ಅಂತ ಅವರು. ಅದು ನಿಜ, ಸುಕ್ಕಿರಲ್ಲ, ಆದ್ರೆ ಫ್ಲೇರ್ ಜೊತೆ ಹರಡ್ಬೇಕಾದ ಕೆಳ ಅಂಚಿಗೆ 199½ ಬೇಕು, ಸಿಗೋದು 180½. ಅಂದ್ರೆ 19 ಇಂಚು ಮೇಲೆ ಜಾಸ್ತಿ ಇದ್ದಿದ್ದು ಈಗ ಕೆಳಗೆ ಕಮ್ಮಿ ಆಯ್ತು ಅಷ್ಟೇ.

ಮಾತಲ್ಲಿ ತೀರ್ಮಾನ ಆಗಲ್ಲ ಅಂತ ಹಳೇ ಪಂಚೆಯಲ್ಲಿ ಅದೇ ರೇಡಿಯಸ್ಸಿನ ಕಾಲು ವೃತ್ತ ಎರಡು ಕಟ್ ಮಾಡಿ, ಸೀರೆ ಫಾಲನ್ನ 3 ಇಂಚಿಗೆ ಮಡಚಿ ಬಾರ್ಡರ್ ಥರ ಹೊಲಿದು ನೋಡಿದ್ವಿ. ಫಾಲ್ ಈ ಥರ ಟೆಸ್ಟಿಗೆ ತುಂಬಾ ಒಳ್ಳೇದು, ನೇರ ಪಟ್ಟಿ, ಸ್ವಲ್ಪ ಬಿಗಿ, ದುಡ್ಡೂ ಹೆಚ್ಚಿಲ್ಲ. ಒಂದಕ್ಕೆ ನೇರ ಹೊಲಿಗೆ, ಇನ್ನೊಂದಕ್ಕೆ ಮೇಲಂಚಲ್ಲಿ ಸಮ ಅಂತರಕ್ಕೆ ಚಿಕ್ಕ ಚಿಕ್ಕ ಪ್ಲೀಟ್ ಕೊಟ್ಟು. ಸುಮ್ಮನೆ ಹಿಡಿದಾಗ ಎರಡೂ ಚೆನ್ನಾಗೇ ಕಂಡ್ವು. ಬೀಸಿ ನೋಡಿದಾಗ ಗೊತ್ತಾಯ್ತು, ನೇರ ಹೊಲಿದಿದ್ದು ಫ್ಲೇರಿನ ತುದೀಲಿ ಒಳಗೆ ಬಾಗಿ ನಿಂತಿತು, ಬಟ್ಟೆ ಹರಡ್ತಿದೆ ಪಟ್ಟಿ ತಡೀತಿದೆ. ಪ್ಲೀಟ್ ಇದ್ದಿದ್ದು ಬಟ್ಟೆ ಜೊತೆಗೇ ಹರಡ್ತು. ಹುಡುಗಿ ಮದುವೆ ಮನೇಲಿ ಸುತ್ತಿ ಸುತ್ತಿ ಕುಣಿಯೋದೇ ಈ ಲಂಗ ಹಾಕ್ಕೊಂಡು. ಎರಡರ ವಿಡಿಯೋನೂ ಗಿರಾಕಿಗೆ ಕಳಿಸಿದ್ವಿ, "ಅಕ್ಕಾ, ಎರಡನೇದೇ ಮಾಡಿ, ಪ್ಲೀಟ್ ಡಿಸೈನ್ ಥರಾನೇ ಕಾಣುತ್ತೆ" ಅಂದ್ರು. ಗಿರಾಕಿಗೆ ಮೊದಲೇ ತೋರಿಸಿ ಒಪ್ಪಿಸಿದ್ದು ತುಂಬಾ ಮುಖ್ಯವಾಯ್ತು. ಹೊಲಿದಾದ್ಮೇಲೆ ನೋಡಿದ್ರೆ ಅದೇ ಪ್ಲೀಟನ್ನ ತಪ್ಪು ಅಂದ್ಕೊಳ್ಳೋ ಸಾಧ್ಯತೆ ಇತ್ತು.

ಲೆಕ್ಕ ಸುಲಭ. 24 ಪ್ಲೀಟ್, ಒಂದೊಂದು ಮುಕ್ಕಾಲು ಇಂಚಿಗಿಂತ ಚೂರು ಜಾಸ್ತಿ ಬಟ್ಟೆ ತಿನ್ನುತ್ತೆ, ಒಟ್ಟು 19. ಲಂಗದ ಗೆರೆಯಲ್ಲಿ ಏಳೂವರೆ ಇಂಚಿಗೊಂದು ಪ್ಲೀಟ್. ಪ್ಲೀಟನ್ನ ಮೇಲಿನ ಹೊಲಿಗೆಯಲ್ಲಿ ಮಾತ್ರ ಹಿಡಿಯೋದು, ಕೆಳಗೆ ಬಿಟ್ಟುಬಿಡೋದು, ಆಗ ಜರಿ ಮೇಲೆ ಒಂದೂ ಹೊಲಿಗೆ ಬೀಳಲ್ಲ. ಡಾರ್ಟ್ ಥರ ಮೇಲಿಂದ ಕೆಳಕ್ಕೆ ಹೊಲಿಯೋದೂ ಒಂದು ದಾರಿ, ನೇರ ಗೆರೆಗಳಿರೋ ಪ್ಲೇನ್ ಜರಿಯಲ್ಲಿ ಅದು ಎದ್ದು ಕಾಣುತ್ತೆ, ಬುಟ್ಟಾ ಬಾರ್ಡರಾಗಿದ್ರೆ ಬುಟ್ಟಾದ ಮಧ್ಯೆ ಮುಚ್ಚಿಡಬಹುದಿತ್ತು.

ಹೊಲಿಯೋಕೆ ಕೂರೋ ಮುಂಚೆ ಲಂಗದ ಅಂಚನ್ನ ಟೇಪಲ್ಲಿ ಅಳೆಸ್ದೆ. ಲೆಕ್ಕದಲ್ಲಿ 180½ ಬರ್ಬೇಕು, ಟೇಪಲ್ಲಿ ಬಂದಿದ್ದು ಹತ್ತತ್ರ 184. ಬಿಚ್ಚಿ, ಹಿಡಿದು, ಕತ್ತರಿಸಿ, ಇಷ್ಟು ಕೈ ಓಡಾಡಿದ್ರಲ್ಲೇ ಕ್ರಾಸ್ ಜಾಗ ಹಿಗ್ಗಿತ್ತು. ಟೇಪು ಹೇಳಿದ 184ಕ್ಕೇ ಬಾರ್ಡರ್ ಹೊಂದಿಸಿದ್ರೆ ಹಿಗ್ಗಿದ್ದನ್ನೇ ಖಾಯಂ ಮಾಡಿದ ಹಾಗೆ. ಅದಕ್ಕೆ ಅಂಚಿನ ಒಳಗೆ ಉದ್ದ ಟಾಕಿನಲ್ಲಿ ಒಂದು ಹೊಲಿಗೆ ಓಡಿಸಿ, ದಾರ ನಿಧಾನಕ್ಕೆ ಎಳೆದು ವಾಪಸ್ 180½ಗೆ ತಂದ್ವಿ, ಅಷ್ಟು ಸುತ್ತಲ್ಲಿ ಮೂರೂವರೆ ಇಂಚು ಹಂಚಿ ಹೋದಾಗ ಕಣ್ಣಿಗೆ ಏನೂ ಕಾಣಲ್ಲ. ಮೊದಲು ನಾಲ್ಕು ಭಾಗ, ಆಮೇಲೆ ಎಂಟು, ಆಮೇಲೆ 24, ಲಂಗಕ್ಕೂ ಬಾರ್ಡರಿಗೂ ಬೇರೆ ಬೇರೆ ಗುರುತು ಮಾಡಿ ಗುರುತಿಗೆ ಗುರುತು ಸೇರಿಸಿ ಮಾರ್ಜಿನ್ನೊಳಗೇ ಕಚ್ಚಾ ಹೊಲಿಗೆ. ಒಂದು ತುದಿಯಿಂದ ಪಿನ್ ಮಾಡ್ಕೊಂಡು ಹೋಗೋರು ಕೊನೇಲಿ ಉಳಿದಿದ್ದನ್ನೆಲ್ಲ ಒಂದೇ ಕಡೆ ತುರುಕ್ಬೇಕಾಗುತ್ತೆ, ಭಾಗ ಮಾಡ್ಕೊಂಡ್ರೆ ಆ ಪ್ರಶ್ನೆನೇ ಬರಲ್ಲ.

ಮೆಷಿನ್ ಮೇಲೆ ಬಾರ್ಡರ್ ಮೇಲೆ, ಲಂಗ ಕೆಳಗೆ. ಇದನ್ನ ಎಷ್ಟೋ ಜನ ಉಲ್ಟಾ ಇಟ್ಟು ಕಷ್ಟಪಡ್ತಾರೆ. ಮೆಷಿನಿನ ಹಲ್ಲು ಕೆಳಗಿನ ಬಟ್ಟೆಯನ್ನ ಒಳಗೆ ಸೆಳೆಯುತ್ತೆ, ಮೇಲಿನ ಫೂಟ್ ಮೇಲಿನ ಬಟ್ಟೆಯನ್ನ ಮುಂದಕ್ಕೆ ತಳ್ಳುತ್ತೆ. ಹಿಗ್ಗೋ ಬಟ್ಟೆ ಮೇಲಿದ್ರೆ ತಳ್ಳಿಸ್ಕೊಂಡು ಇನ್ನೂ ಹಿಗ್ಗುತ್ತೆ, ಕೆಳಗಿದ್ರೆ ಹಲ್ಲೇ ಅದನ್ನ ಸಮವಾಗಿ ತಗೊಳ್ಳುತ್ತೆ. ಸೂಜಿ ಹೊಸದು, 11ನೇ ನಂಬರ್, ಟೆನ್ಷನ್ ಸ್ವಲ್ಪ ಸಡಿಲ. ಹೊಲಿಗೆ ಹಾಕಿದ್ದು ಟೈಲರೇ, ನಾನು ಪಕ್ಕದಲ್ಲಿ ಕೂತು ಲಂಗದ ಭಾರ ನೆಲಕ್ಕೆ ಜೋತು ಬೀಳದ ಹಾಗೆ ಹಿಡ್ಕೊಂಡಿದ್ದೆ ಅಷ್ಟೇ. ಇಸ್ತ್ರಿ ಒಣಗಿದ ಪಂಚೆ ಬಟ್ಟೆ ಮುಚ್ಚಿ, ಕಮ್ಮಿ ಬಿಸಿ, ಒಂದು ಹನಿ ನೀರೂ ಇಲ್ಲ, ಹೊಲಿಗೆ ಗೆರೆಗೆ ಮಾತ್ರ, ಪ್ಲೀಟನ್ನ ಒತ್ತಲಿಲ್ಲ. ಲೈನಿಂಗ್ ಈ ಸಲ ಸೊಂಟದಲ್ಲಿ ಮಾತ್ರ ಸೇರಿಸಿ ಕೆಳಗೆ ಬಿಟ್ಟಿದ್ದು.

ಲಂಗ ಹೇಗೆ ಬಂತು ಅಂದ್ರೆ, ನೇತು ಹಾಕಿದಾಗ ಕೆಳ ಅಂಚು ಒಂದೇ ಸಮ, ಜೋಲಿಲ್ಲ. ಪ್ಲೀಟ್ ಹತ್ರದಿಂದ ಕಾಣುತ್ತೆ, ದೂರದಿಂದ ಬಾರ್ಡರಿಗೆ ಒಂಥರಾ ಅಲೆ ಬಂದ ಹಾಗಿದೆ. ಬಾರ್ಡರಿನ ಎರಡು ತುದಿ ಸೇರೋ ಕಡೆ ಒಂದು ಪ್ಲೀಟ್ ಉಳಿದವಕ್ಕಿಂತ ಸ್ವಲ್ಪ ದಪ್ಪ ಬಂತು, ಜೋಡಣೆಯನ್ನ ಅದರೊಳಗೇ ಮುಚ್ಚಿದ್ರಿಂದ. ಅದನ್ನ ಹಿಂದಿನ ಬಲಗಡೆಗೆ ಬರೋ ಹಾಗೆ ಇಟ್ವಿ. ಲಂಗದ ಉದ್ದ ಕಾಲು ಇಂಚು ಕಮ್ಮಿ ಆಯ್ತು, ಯಾರಿಗೂ ಗೊತ್ತಾಗ್ಲಿಲ್ಲ. ಅಜ್ಜಿ ಕೈಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿ "ಅಂಚು ನಂದೇ" ಅಂದ್ರಂತೆ, ಟೈಲರ್ ಫೋನಲ್ಲಿ ಹೇಳುವಾಗ ನನಗೂ ತುಂಬಾ ಸಂತೋಷ ಆಯ್ತು. ಕೂಲಿ ಮಾತ್ರ ಮೊದಲು ಮಾತಾಡಿದಷ್ಟೇ ತಗೊಂಡ್ರು, ಬಿಚ್ಚಿ ಮತ್ತೆ ಮಾಡಿದ ಅಷ್ಟೂ ದಿನದ ಕೆಲಸಕ್ಕೆ ಏನೂ ಸಿಗ್ಲಿಲ್ಲ. ನನಗೆ ಇದು ಬೇಜಾರಿನ ವಿಷಯ. ಮನೇಲಿ ಹೊಲಿಯೋ ಹೆಣ್ಮಕ್ಳ ಇಂಥ ದುಡಿಮೆ ಯಾವ ಲೆಕ್ಕಕ್ಕೂ ಬರಲ್ಲ.

ಈ ಪ್ರಕರಣದಿಂದ ಬೇರೆಯವರು ತಗೊಳ್ಬೇಕಾದ್ದು ಆ 6.28ರ ಲೆಕ್ಕ, ಅದೂ ಬಟ್ಟೆಗೆ ಕತ್ತರಿ ಹಾಕೋ ಮುಂಚೆ. ಅರ್ಧ ಇಂಚಿನ ಲೇಸಿಗೆ ಬರೋ ವ್ಯತ್ಯಾಸ 3 ಇಂಚು, ಅದನ್ನ ಕೈಯಲ್ಲೇ ಹೊಂದಿಸಬಹುದು, ಪ್ಲೀಟ್ ಬೇಡ. ಒಂದೂವರೆ ಇಂಚಿಗೆ ಒಂಬತ್ತೂವರೆ, ದಾರ ಎಳೆದು ಸಣ್ಣ ಸುಕ್ಕಲ್ಲಿ ಹಂಚಬಹುದು, ಮೆತ್ತನೆ ಬಟ್ಟೆ ಆಗಿದ್ರೆ. ಫುಲ್ ಬದಲು ಹಾಫ್ ಸರ್ಕಲ್ ಕಟ್ ಮಾಡಿದ್ರೆ ಈ ವ್ಯತ್ಯಾಸ ಅರ್ಧಕ್ಕೆ ಇಳಿಯುತ್ತೆ, 3 ಇಂಚು ಬಾರ್ಡರಿಗೆ ಒಂಬತ್ತೂವರೆ ಮಾತ್ರ, ಬಾರ್ಡರ್ ಮುಖ್ಯ ಅನ್ನೋ ಗಿರಾಕಿಗೆ ನಾನು ಇದನ್ನೇ ಹೇಳ್ತೀನಿ. ಪಟ್ಟಿ ಅದೇ ಬಟ್ಟೆಯದ್ದಾಗಿದ್ರೆ ಕ್ರಾಸ್ ಪಟ್ಟಿ ಕಟ್ ಮಾಡ್ಕೊಂಡು ಇಸ್ತ್ರಿಯಲ್ಲೇ ಬಾಗಿಸಬಹುದು, ಸೀರೆ ಬಾರ್ಡರಿಗೆ ಆ ದಾರಿ ಇಲ್ಲ, ಅದರ ಉದ್ದಕ್ಕೂ ಓಡೋದು ಹಾಸಿನ ಎಳೆ, ಜೊತೆಗೆ ಜರಿ, ಎಳೆದ್ರೂ ಬರಲ್ಲ. ಇನ್ನು 6 ಇಂಚು, 8 ಇಂಚಿನ ಕಾಂಚೀಪುರಂ ಬಾರ್ಡರ್ ತಂದು ಅಂಬ್ರೆಲಾ ಮಾಡಿ ಅಂದ್ರೆ ದಯವಿಟ್ಟು ಒಪ್ಕೋಬೇಡಿ. 8 ಇಂಚಿಗೆ 50 ಇಂಚು ಜಾಸ್ತಿ ಬರುತ್ತೆ, ಅದನ್ನ ಎಲ್ಲಿ ಮುಚ್ಚಿಡ್ತೀರಿ? ಅಂಥ ಸೀರೆಗೆ ಸೊಂಟದಲ್ಲಿ ನೆರಿಗೆ ಹಿಡಿದ ನೇರ ಲಂಗವೇ ಸರಿ, ಬಾರ್ಡರ್ ಬಿಚ್ಚೋದೂ ಬೇಡ, ಅಂಚು ನೇಯ್ದ ಹಾಗೇ ಉಳಿಯುತ್ತೆ.

ಆ ಟೈಲರ್ ಈಗ ಅಂಬ್ರೆಲಾ ಆರ್ಡರ್ ಬಂದ್ರೆ ಸೊಂಟದ ಅಳತೆಗೂ ಮುಂಚೆ ಬಾರ್ಡರಿನ ಅಗಲ ಅಳೀತಾರೆ. ಫಾಲ್ ಹಚ್ಚಿದ ಆ ಎರಡು ಪಂಚೆ ತುಂಡನ್ನ ಮೆಷಿನ್ ಪಕ್ಕ ಮೊಳೆಗೆ ನೇತು ಹಾಕಿದಾರೆ, ಬಂದ ಗಿರಾಕಿ ಕೈಗೆ ಕೊಟ್ಟು ಬೀಸಿ ನೋಡಿ ಅಂತಾರೆ, ಯಾವುದು ಬೇಕು ಅಂತ ಅವರು ಹೇಳಿದ್ಮೇಲೆ ಕೂಲಿ ಮಾತು. ಪ್ಲೀಟ್ ಹಾಕಿ ಬಾರ್ಡರ್ ಕೂರಿಸೋದಕ್ಕೆ ಬೇರೆ ರೇಟ್ ಇಟ್ಟಿದಾರೆ, ನೇತು ಹಾಕೋ ಎರಡು ದಿನಾನೂ ಸೇರಿಸಿಯೇ ಡೆಲಿವರಿ ತಾರೀಖು ಬರ್ಕೊಡ್ತಾರೆ.